ಒಂದು ಗುಲಗಂಜಿ ಹೆಚ್ಚು

ಓದಲು ಬಂದವರಿಗೆ ಇಸವಿ ಬೇಕು. ನಮ್ಮ ಮೈಸೂರು ಕಡೆ ಹಳೆಯದಕ್ಕೆ ಇರುವುದು ಎರಡೇ ಅಳತೆ: ‘ನಮ್ಮ ತಾತನ ಕಾಲದ್ದು’, ಅದಕ್ಕೂ ಹಿಂದಿನದಾದರೆ ‘ಪುರಾತನ’. ನಮ್ಮ ಮಹಡಿಯ ಬಾಡಿಗೆ ಹುಡುಗ ಇವೆರಡನ್ನೂ ಒಪ್ಪುವವನಲ್ಲ. ಜರ್ಮನಿಯ ಕೊಲೋನ್‌ನಿಂದ ಕನ್ನಡ ಕಲಿಯಲು ಬಂದವನು. ಸಂಧಿ, ಸಮಾಸಗಳಲ್ಲಿ ನನಗಿಂತ ಗಟ್ಟಿ. ಒಂದೇ ದಿನದಲ್ಲಿ ನಂಜನಗೂಡು, ತಿ. ನರಸೀಪುರ ಎರಡನ್ನೂ ಮುಗಿಸಬೇಕೆಂದು ನೋಟ್‌ಬುಕ್ ಹಿಡಿದು ಹೊರಟ. ಜೊತೆಗೆ ನಾನು.

ಹೊರಟದ್ದೋ ಸೋಮವಾರ. ನಂಜುಂಡೇಶ್ವರನ ಸನ್ನಿಧಿಯಲ್ಲಿ ಇತಿಹಾಸಕ್ಕೆ ಕಾಲಿಡಲೂ ಜಾಗವಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುತ್ತಿದ್ದವರಿಗೆ ದಾರಿ ಬಿಡುತ್ತ ಬಿಡುತ್ತ ಹುಡುಗ ಬರೆದುಕೊಂಡದ್ದು ಒಂದೇ ಸಾಲು: ಏಳಂತಸ್ತಿನ ಗೋಪುರ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ, 1849. ಹೂವಿನವನು ಟಿಪ್ಪುವಿನ ಕಥೆ ಹೇಳಿದ. ಪಟ್ಟದಾನೆಯ ಕಣ್ಣು ಹೋಗಿತ್ತಂತೆ, ಸ್ವಾಮಿ ವಾಸಿಮಾಡಿದನಂತೆ, ಟಿಪ್ಪು ಪಚ್ಚೆ ಲಿಂಗ ಕೊಟ್ಟು ‘ಹಕೀಂ ನಂಜುಂಡ’ ಎಂದನಂತೆ.

“ಯಾವ ಇಸವಿಯಲ್ಲಿ?”

“ಆನೆಗೆ ಕಣ್ಣು ನೋವು ಬಂದಾಗ ಸಾರ್.”

ಕಪಿಲೆಯ ಸೋಪಾನದಲ್ಲಿ ಇನ್ನೊಂದು ವಿಚಾರಣೆ. ಹೆಗಲಿಗಿಳಿದಿದ್ದ ಅವನ ಹೊಂಬಣ್ಣದ ಕೂದಲನ್ನು ಕ್ಷೌರಿಕರೊಬ್ಬರು ಅಳೆದು ನೋಡಿ, “ಪೂರ್ತಿ ಮುಡೀನಾ, ಹೂಮುಡೀನಾ?” ಎಂದು ಕತ್ತಿ ತೊಳೆದೇಬಿಟ್ಟರು. ಹರಕೆಯಿಲ್ಲದೆ ಇಷ್ಟು ಕೂದಲನ್ನು ಯಾರಾದರೂ ಯಾಕೆ ಬಿಡುತ್ತಾರೆ ಎಂಬುದು ಅವರ ತರ್ಕ. ನಮ್ಮ ಹುಡುಗನ ಬಳಿ ಅದಕ್ಕೆ ವ್ಯಾಕರಣಬದ್ಧವಾದ ಉತ್ತರವಿರಲಿಲ್ಲ. ನದಿಗೆ ಅಡ್ಡಲಾಗಿರುವ ಹಳೇ ಸೇತುವೆ 1735ರದು, ಹಿಂದೆ ರೈಲೂ ಅದರ ಮೇಲೇ ಓಡುತ್ತಿತ್ತು ಎಂದಾಗ ಹೋದ ಜೀವ ಬಂತು. ರಸಬಾಳೆ ಕೇಳಿದ್ದಕ್ಕೆ ಅಂಗಡಿಯವನು ಇದ್ದಬದ್ದ ಗೊನೆಗಳಿಗೆಲ್ಲ ಅದೇ ಹೆಸರು ಹೇಳಿದ.

ತಿರುಮಕೂಡಲಿನಲ್ಲಿ ಹುಡುಗ ನದಿಗಳನ್ನು ಎಣಿಸಿದ. ಕಾವೇರಿ ಒಂದು, ಕಪಿಲೆ ಎರಡು. ‘ತ್ರಿವೇಣಿ’ಯ ಲೆಕ್ಕಕ್ಕೆ ಒಂದು ಕಡಿಮೆ. ಸ್ಫಟಿಕ ಸರೋವರ ಗುಪ್ತವಾಗಿದೆ ಎಂದೆ. ನಂಬದೆ ಹರಿಗೋಲಿನವನನ್ನು ಕೇಳಿದ. “ಅದೆ ಸಾರ್, ಕಾಣಾಕಿಲ್ಲ ಅಷ್ಟೆ” ಎಂದು ಅವನು ಹುಟ್ಟು ಹಾಕಿದ. ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳಕ್ಕೆ ಸೇರುವ ಜನರೂ ಇಷ್ಟು ಸಾಕ್ಷಿಯಲ್ಲೇ ಮುಳುಗೇಳುತ್ತಾರೆ.

ಗುಂಜಾ ನರಸಿಂಹಸ್ವಾಮಿಯ ಗುಡಿಯಲ್ಲಿ ಮಾತ್ರ ಅವನ ಪೆನ್ನಿಗೆ ಕೆಲಸ ಸಿಕ್ಕಿತು. ಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿ ತೂಕದಷ್ಟು ಹೆಚ್ಚು ಎಂದು ಅದರ ಅರ್ಥ. ಇಡೀ ದಿನದಲ್ಲಿ ಸಿಕ್ಕ ಮೊದಲ ಅಳತೆ! ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ. ಗ್ರಾಮಿನ ಎಂಟನೇ ಒಂದು ಪಾಲೂ ಬರುವುದು ಕಷ್ಟ. ಜಂಬ ಕೊಚ್ಚುವುದಾದರೆ ಹೀಗೆ ಕೊಚ್ಚಬೇಕು. ಹತ್ತುಪಟ್ಟು ಹೆಚ್ಚೆಂದರೆ ಕಾಶಿಯವರು ಜಗಳಕ್ಕೆ ಬರುತ್ತಾರೆ, ಸಮಾನವೆಂದರೆ ನರಸೀಪುರದವರು ಬಿಡುವುದಿಲ್ಲ. ಒಂದು ಗುಲಗಂಜಿಗೆ ಯಾರು ತಕರಾರು ತೆಗೆಯುತ್ತಾರೆ?

ಮೈಸೂರಿನ ಬಸ್ಸಿನಲ್ಲಿ ಅಜ್ಜಿಯೊಬ್ಬರು ಅವನ ಪಕ್ಕ ಕೂತರು.

“ಯಾವೂರು ಮಗಾ? ನಂಜನಗೂಡು ಗೋಪುರ ಕಂಡ್ಯಾ? ನಿಮ್ಮೂರಲ್ಲಿ ಅಷ್ಟೆತ್ರದ್ದು ಅದದಾ?”

ನನಗೆ ಧಸಕ್ಕೆಂದಿತು. ಕೊಲೋನಿನ ಇಗರ್ಜಿ 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದದ್ದು, 157 ಮೀಟರ್ ಎತ್ತರ. ನಮ್ಮ ಗೋಪುರವನ್ನು ಒಂದರ ಮೇಲೊಂದು ನಾಲ್ಕು ಪೇರಿಸಿದರೂ ಅದರ ತುದಿ ಮುಟ್ಟುವುದಿಲ್ಲ. ಇಸವಿ ಸಮೇತ ಎಲ್ಲವನ್ನೂ ಒಪ್ಪಿಸುತ್ತಾನಲ್ಲಪ್ಪ ಎಂದುಕೊಂಡೆ. ಹುಡುಗ ಒಂದು ಕ್ಷಣ ಯೋಚಿಸಿ ಹೇಳಿದ:

“ಅದೆ ಅಜ್ಜಿ. ಒಂದು ಗುಲಗಂಜಿಯಷ್ಟು ಎತ್ತರ ಹೆಚ್ಚು.”

“ಅಷ್ಟೇನಾ? ಇರ್ಲಿ ಬುಡು,” ಎಂದರು ಅಜ್ಜಿ.