ರದ್ದಿಗೆ ಹೋಗದ ಕಿರ್ದಿ

ಭಾನುವಾರ ಬೆಳಿಗ್ಗೆ ಪೂಜೆಗೆ ದಾಸವಾಳ ಕೊಯ್ಯಲು ಹಿತ್ತಲಿಗೆ ಹೋದರೆ ಬೇಲಿಯಾಚೆ ರಾಯರು ಕಾದೇ ಇರುತ್ತಾರೆ. ಶನಿವಾರ ರಾತ್ರಿ ಮೊಮ್ಮಗಳ ಫೋನು ಬಂದಿರುತ್ತದೆ, ಆ ಸುದ್ದಿಯನ್ನು ಯಾರಿಗಾದರೂ ಹೇಳದೆ ಅವರಿಗೆ ಕಾಫಿ ಇಳಿಯುವುದಿಲ್ಲ. ಹುಡುಗಿ ಓದುತ್ತಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ. ವಿಷಯ, ಆರ್ಥಿಕ ಮತ್ತು ಸಾಮಾಜಿಕ ಇತಿಹಾಸ.

ಮೊದಮೊದಲು ನನಗೂ ಅನ್ನಿಸಿತ್ತು, ಇತಿಹಾಸ ವಿಭಾಗದಲ್ಲಿ ಎಂಥ ಸುದ್ದಿ ಇರುತ್ತದೆ, ಎಲ್ಲ ಆಗಿಹೋದದ್ದೇ ಅಲ್ಲವೇ ಎಂದು. ಈಗ ಹಾಗನ್ನಿಸುವುದಿಲ್ಲ. ಒಂದು ವಾರ ಹಳೆಯ ಕೂಲಿ ದರದ ಮಾತು, ಇನ್ನೊಂದು ವಾರ ಮುಚ್ಚಿಹೋದ ಹಡಗು ಕಟ್ಟೆಯ ಮಾತು. ರಾಜರ ಹೆಸರು ನಾನಂತೂ ಒಮ್ಮೆಯೂ ಕೇಳಲಿಲ್ಲ.

"ಅವರ ವಿಭಾಗದ ಮೊದಲ ಪ್ರೊಫೆಸರು ಚೆಕ್‌ಲೆಂಡ್ ಅಂತ. 1957ರಲ್ಲಿ ಬಂದವರಂತೆ," ಎಂದರು ರಾಯರು ಈ ಸಲ. "ಕ್ಲೈಡ್ ನದಿ ದಂಡೆಯ ಕಾರ್ಖಾನೆಗಳ ಹಳೇ ಲೆಕ್ಕದ ಪುಸ್ತಕ ಎಲ್ಲ ಕಸಕ್ಕೆ ಹೋಗೋದನ್ನ ತಪ್ಪಿಸಿ ಕೂಡಿಡೋಕೆ ಹೊರಟವರು. ಕಿರ್ದಿ, ಖಾತೆ, ಕೂಲಿ ಪಟ್ಟಿ ಎಲ್ಲ ಜೋಪಾನ ಮಾಡಿಸಿದರಂತೆ."

ನಾನು ಅವರ ಮನೆಯ ಜಗಲಿ ಕಡೆ ನೋಡಿದೆ. ಅಲ್ಲಿ ಹಳೇ ಪೇಪರಿನ ಕಟ್ಟುಗಳ ಜೊತೆ ಕೆಂಪು ಬಟ್ಟೆಯ ರಟ್ಟಿನ ಆರೇಳು ಉದ್ದನೆಯ ಪುಸ್ತಕಗಳಿದ್ದವು. ಸಾಗರದ ಕಡೆ ಅಡಿಕೆ ತೋಟ ಮಾಡಿಕೊಂಡಿದ್ದ ಅವರ ತಂದೆಯ ಕಿರ್ದಿಗಳು. ಗೆದ್ದಲು ಹಿಡಿಯುತ್ತದೆ ಎಂದು ರಾಯರ ಹೆಂಡತಿ ಅಮ್ಮನವರು ಅಟ್ಟದಿಂದ ಇಳಿಸಿದ್ದರು. ರದ್ದಿಯವನು ಹತ್ತು ಗಂಟೆಗೆ ಬರುವವನಿದ್ದ.

ನನ್ನ ನೋಟ ರಾಯರಿಗೂ ತಿಳಿಯಿತು. ಆದರೆ ಅವರು ಮಾತು ಮುಂದುವರಿಸಿದರು.

"ಆ ಊರಲ್ಲಿ ವರ್ಜೀನಿಯಾ ಸ್ಟ್ರೀಟ್ ಇದೆ, ಜಮೈಕಾ ಸ್ಟ್ರೀಟ್ ಇದೆ. ತಂಬಾಕು ಮತ್ತೆ ಸಕ್ಕರೆ ದುಡ್ಡಿನ ನೆನಪು. ಬುಕಾನನ್ ಸ್ಟ್ರೀಟ್ ಅಂತ ದೊಡ್ಡ ಬೀದಿ. ನಮ್ಮ ಇಕ್ಕೇರಿಗೆ ಬಂದ ಬುಕಾನನ್ನೇ ಏನೇ ಅಂತ ಕೇಳಿದೆ. ಅಲ್ಲ ತಾತ, ಇವನು ತಂಬಾಕಿನ ವ್ಯಾಪಾರಿ ಆಂಡ್ರ್ಯೂ ಬುಕಾನನ್, ಅವನು ಬೇರೆ ಅಂದಳು. ಆದರೆ ನಮ್ಮವನೂ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವನಂತೆ ನೋಡಿ!"

ನಮ್ಮವನು ಎಂದರೆ ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ವೈದ್ಯ. ಘಟ್ಟ ಹತ್ತಿ ನಗರ, ಸಾಗರ, ಇಕ್ಕೇರಿಗೂ ಬಂದು ಅಡಿಕೆ ತೋಟದ ಬೇಸಾಯವನ್ನು ಬರೆದುಕೊಂಡ. ರಾಗಿ ಬಿತ್ತನೆ, ಬೆಂಗಳೂರಿನ ನೇಕಾರರು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿ, ಯಾವುದನ್ನೂ ಬಿಡಲಿಲ್ಲ. ಮಲಬಾರಿನಲ್ಲೂ ಕರಾವಳಿಯಲ್ಲೂ ಹೊಲಗೆಲಸದ ಆಳುಗಳನ್ನು ಮಾರುತ್ತಿದ್ದ ಬೆಲೆಯನ್ನೂ ಬರೆದಿಟ್ಟ. ಕಂಪನಿ ಸರಕಾರಕ್ಕೆ ಬೇಕಿದ್ದದ್ದು ಹೊಸ ಸೀಮೆಯ ಆದಾಯದ ಅಂದಾಜು. ನಮಗೆ ಸಿಕ್ಕಿದ್ದು ನಮ್ಮ ಹಿಂದಿನವರ ಬದುಕಿನ ವಿವರ.

"ಇಷ್ಟೇ ಆಗಿದ್ದರೆ ನಾನು ನಿಮ್ಮನ್ನ ನಿಲ್ಲಿಸಿಕೊಳ್ತಿರಲಿಲ್ಲ," ಎಂದು ರಾಯರು ಬೇಲಿಗೆ ಇನ್ನಷ್ಟು ಹತ್ತಿರ ಬಂದರು. "ಆ ವಿಶ್ವವಿದ್ಯಾಲಯ ತನ್ನದೇ ಲೆಕ್ಕ ತೆಗೆಸಿತು ಕಣಮ್ಮ. ಸ್ವಂತ ಮನೇದು."

ಆ ಸಂಗತಿಯನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. 1451ರಲ್ಲಿ ಹುಟ್ಟಿದ ವಿದ್ಯಾಸಂಸ್ಥೆ ಅದು. ಆಡಂ ಸ್ಮಿತ್ ಅಲ್ಲೇ ಪಾಠ ಹೇಳಿದ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್‌ಗೆ 1791ರಲ್ಲೇ ಗೌರವ ಪದವಿ ಕೊಟ್ಟಿತು. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಜೇಮ್ಸ್ ಮೆಕ್ಯೂನ್ ಸ್ಮಿತ್ 1837ರಲ್ಲಿ ವೈದ್ಯನಾಗಿ ಹೊರಬಂದದ್ದೂ ಅಲ್ಲಿಂದಲೇ. ವೈದ್ಯಕೀಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವನು. ಇಷ್ಟೆಲ್ಲ ಇದ್ದ ಮೇಲೆ ನಮ್ಮ ಕೈ ಶುದ್ಧ ಎಂದು ಸುಮ್ಮನಿರಬಹುದಿತ್ತು. ಇರಲಿಲ್ಲ. ಸೈಮನ್ ನ್ಯೂಮನ್, ಸ್ಟೀಫನ್ ಮಲ್ಲೆನ್ ಎಂಬ ಇಬ್ಬರು ಇತಿಹಾಸಕಾರರು ಹಳೆಯ ದಾನಗಳ ಬೆನ್ನು ಹತ್ತಿದರು. ಯಾವ ವಿದ್ಯಾರ್ಥಿವೇತನದ ದುಡ್ಡು ಯಾರ ಉಯಿಲಿನಿಂದ ಬಂತು, ಆ ಮನುಷ್ಯನ ಸಂಪತ್ತು ಯಾವ ದ್ವೀಪದ ಕಬ್ಬಿನ ಗದ್ದೆಯದು, ಅಲ್ಲಿ ದುಡಿದವರು ಯಾರು ಎಂದು ಕೇಳುತ್ತಾ ಹೋದರು. 2018ರಲ್ಲಿ ವರದಿ ಹೊರಬಿತ್ತು. ಒಂದು ಬಾಯಲ್ಲಿ ಗುಲಾಮಗಿರಿ ಬೇಡ ಎನ್ನುತ್ತಲೇ ಇನ್ನೊಂದು ಕೈಯಲ್ಲಿ ಆ ದುಡ್ಡನ್ನು ಪಡೆದಿದ್ದೆವು ಎಂದು ವಿಶ್ವವಿದ್ಯಾಲಯವೇ ಜಗತ್ತಿಗೆ ಹೇಳಿತು.

"ಎಷ್ಟು ದುಡ್ಡಂತೆ?" ಎಂದೆ.

"ವರದಿ ಬರೆದ ಕಾಲದ ಬೆಲೆಗೆ 1 ಕೋಟಿ 67 ಲಕ್ಷ ಪೌಂಡಿಂದ 19 ಕೋಟಿ 80 ಲಕ್ಷ ಪೌಂಡಿನವರೆಗೆ."

"ಅಷ್ಟೊಂದು ಅಂತರವೇ?"

ಮಂಡಿಯಲ್ಲಿ ಲೆಕ್ಕ ಬರೆದೇ ತಲೆ ನರೆಸಿಕೊಂಡ ರಾಯರಿಗೆ ಈ ಪ್ರಶ್ನೆ ಹಬ್ಬ. "ಅಲ್ಲೇ ಇರೋದು ವಿಷಯ. ಅಪ್ಪ ಆಗ ಕೊಟ್ಟ 60 ರೂಪಾಯಿ ಈಗ ಎಷ್ಟು ಅಂತ ಕೇಳಿದರೆ ಏನು ಹೇಳ್ತೀರಿ? ಆ ದುಡ್ಡಿಗೆ ಆಗ ಬರ್ತಿದ್ದ ಅಕ್ಕಿಗೆ ಈಗೆಷ್ಟು ಅಂತ ನೋಡಿದರೆ ಒಂದು ಮೊತ್ತ. ಆ ದುಡ್ಡು ಆಗ ಎಷ್ಟು ದಿನದ ಕೂಲಿ, ಅಷ್ಟು ದಿನಕ್ಕೆ ಈಗ ಕೂಲಿ ಎಷ್ಟು ಅಂತ ನೋಡಿದರೆ ಅದಕ್ಕಿಂತ ಜಾಸ್ತಿ. ಇಡೀ ದೇಶದ ಉತ್ಪನ್ನದಲ್ಲಿ ಅದರ ಪಾಲೆಷ್ಟಿತ್ತು ಅಂತ ಹಿಡಿದರೆ ಇನ್ನೂ ಜಾಸ್ತಿ. ಮೂರೂ ಸುಳ್ಳಲ್ಲ. ಯಾವ ತಕ್ಕಡಿಯಲ್ಲಿ ತೂಗಿದೆ ಅಂತ ಮೊದಲೇ ಹೇಳಬೇಕು, ಅಷ್ಟೆ."

2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. 20 ವರ್ಷದಲ್ಲಿ 2 ಕೋಟಿ ಪೌಂಡ್ ಹೊಂದಿಸಿ ಎರಡೂ ಕಡೆಯವರು ಸೇರಿ ಸಂಶೋಧನೆ ನಡೆಸಬೇಕು ಎಂಬ ಒಪ್ಪಂದ. ಆಚೆ ಕಡೆಯ ಆಗಿನ ಕುಲಪತಿ ಹಿಲರಿ ಬೆಕಲ್ಸ್ ಬಾರ್ಬಡೋಸಿನವರು, ಅವರೂ ಇತಿಹಾಸಕಾರರೇ. 2 ಕೋಟಿ ಎಂಬ ಅಂಕಿಗೂ ಒಂದು ನೆನಪಿದೆ. 1833ರಲ್ಲಿ ಬ್ರಿಟಿಷ್ ಸಂಸತ್ತು ತನ್ನ ಬಹುತೇಕ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವಾಗ ಪರಿಹಾರವೆಂದು ತೆಗೆದಿಟ್ಟದ್ದು ಇಷ್ಟೇ ಪೌಂಡುಗಳನ್ನು. ಅದು ಹೋದದ್ದು ಯಜಮಾನರಿಗೆ. ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ.

ಇದನ್ನು ಹೇಳಿ ರಾಯರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಅಲ್ಲಿ ಒಂದು ಚಿತ್ರ ಇದೆಯಂತೆ," ಎಂದರು. "ಗ್ಲಾಸ್‌ಫೋರ್ಡ್ ಅಂತ ತಂಬಾಕಿನ ದೊಡ್ಡ ಸಾಹುಕಾರ, ಹೆಂಡತಿ ಮಕ್ಕಳ ಜೊತೆ ಕೂತು ಬರೆಸಿದ್ದು. ಹಿಂದುಗಡೆ ಒಬ್ಬ ಕಪ್ಪು ಹುಡುಗ ನಿಂತಿದ್ದ, ಆಮೇಲೆ ಬಣ್ಣ ಬಳಿದು ಅವನನ್ನ ಅಳಿಸಿಬಿಟ್ಟರು ಅಂತ ಜನ ತುಂಬಾ ಕಾಲ ನಂಬಿದ್ದರಂತೆ. ಚಿತ್ರ ಶುಚಿ ಮಾಡೋವಾಗ ನೋಡಿದರೆ ಯಾರೂ ಬಳಿದಿರಲಿಲ್ಲ. ಕೊಳೆ ಕೂತು ಮಸುಕಾಗಿದ್ದ. ಅವನು ಅಲ್ಲೇ ಇದ್ದ."

ಹತ್ತು ಗಂಟೆಗೆ ಇನ್ನೂ ಹೊತ್ತಿತ್ತು. ರಾಯರು ಹೋಗಿ ಒಂದು ಕಿರ್ದಿ ತಂದು ಬೇಲಿಯ ಕಲ್ಲುಕಂಬದ ಮೇಲಿಟ್ಟು ಬಿಡಿಸಿದರು. ಮೋಡಿ ಅಕ್ಷರದ ಹಾಗೆ ಬಾಗಿದ ಕನ್ನಡ. ಕೊನೆ ಕೊಯ್ದದ್ದು, ಅಡಿಕೆ ಬೇಯಿಸಿದ್ದು, ಮಂಡಿಗೆ ಗಾಡಿ ಕಳಿಸಿದ್ದು, ದೇವಸ್ಥಾನಕ್ಕೆ ಎಣ್ಣೆ. 1948ರ ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಒಬ್ಬನ ಹೆಸರು, ಮುಂದೆ 'ಮದುವೆ ಬಾಬ್ತು 60 ರೂ.' ಎಂದಿತ್ತು. ಮರುವರ್ಷವೂ ಅದೇ ಹೆಸರು, ಅದೇ 60. ಅದರ ಮುಂದಿನ ವರ್ಷವೂ. ದುಡಿತದ ಬಾಬ್ತು ಎಲ್ಲೂ ಒಂದು ರೂಪಾಯಿ ವಜಾ ಆಗಿರಲಿಲ್ಲ. ಹನ್ನೊಂದು ವರ್ಷ ಹಾಗೇ ನಡೆದು, ಆಮೇಲೆ ಅದೇ ಮೊತ್ತ ಅವನ ಮಗನ ಹೆಸರಿಗೆ ಬಂದಿತ್ತು.

ಜೀತ ಎಂಬ ಮಾತನ್ನು ನಾನೂ ಆಡಲಿಲ್ಲ, ಅವರೂ ಆಡಲಿಲ್ಲ. ಅದು ಕಾನೂನಿನಿಂದ ರದ್ದಾದದ್ದು 1976ರಲ್ಲಿ. ಪುಸ್ತಕದಲ್ಲಿ ಅದಕ್ಕೆ ಹೆಸರೇ ಇಲ್ಲ, ಬರೀ ಒಂದು ಅಂಕಿ.

"ಅಪ್ಪ ಒಳ್ಳೆಯವರಮ್ಮ," ಎಂದರು ರಾಯರು. "ಅನ್ನಕ್ಕೆ ಬಂದವರನ್ನ ಬರಿಗೈಲಿ ಕಳಿಸಿದವರಲ್ಲ. ಅದೂ ನಿಜ. ಇದೂ ನಿಜ. ನಾನು ಶಿವಮೊಗ್ಗಕ್ಕೆ ಬಂದು ಓದಿದ ಫೀಜು ಇದರಲ್ಲೇ ಮುಂದೆ ಎಲ್ಲೋ ಇರುತ್ತೆ."

ಗ್ಲಾಸ್ಗೋದ ಸಂಗತಿ ಕೇಳುವಾಗ ಅದು ಯಾರದೋ ಊರಿನ ಮಾತಾಗಿತ್ತು. ಈಗ ನನಗೆ ನಮ್ಮ ಮನೆಯ ಅಟ್ಟವೂ ನೆನಪಾಯಿತು. ಮಸಿ ಮತ್ತು ಹುಣಸೆಬೀಜದ ಸರಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಶೃಂಗೇರಿ ಮಠದ ಕಡತಗಳನ್ನು ಓದಿ ವಿದ್ವಾಂಸರು ನಾಡಿನ ಚರಿತ್ರೆ ಬಿಡಿಸಿದ್ದಾರೆ. ಮಠದ ಕಡತ ಉಳಿಯಿತು. ಮನೆಮನೆಯ ಕಿರ್ದಿಗಳು ತೂಕಕ್ಕೆ ಹೋದವು. ಅವುಗಳ ಜೊತೆ, ಬೇರೆ ಎಲ್ಲಿಯೂ ಬರೆದಿಡದ ಎಷ್ಟೋ ಹೆಸರುಗಳು ಹೋದವು. ದುಡಿದವರು ತಮ್ಮ ಚರಿತ್ರೆ ಬರೆದುಕೊಳ್ಳಲಿಲ್ಲ, ಅದಕ್ಕೆ ಬಿಡುವನ್ನೂ ಅಕ್ಷರವನ್ನೂ ನಾವು ಕೊಡಲಿಲ್ಲ. ಅವರ ಗುರುತು ಉಳಿದಿದ್ದರೆ ದುಡಿಸಿಕೊಂಡವರ ಖರ್ಚಿನ ಪಟ್ಟಿಯಲ್ಲೇ. ಆ ಪಟ್ಟಿಯನ್ನು ಮಾರುವ ಹಕ್ಕು ನಮಗಿದೆಯೇ?

ರದ್ದಿಯವನ ಕೂಗು ಬೀದಿ ತುದಿಯಲ್ಲಿ ಕೇಳಿತು. ಅಮ್ಮನವರು ಹೊರಗೆ ಬಂದು ನೋಡಿದರು. ರಾಯರು, "ಪೇಪರು ಕೊಡು, ಇವು ಬೇಡ," ಎಂದರು. ಅವರು ಏಕೆಂದು ಕೇಳಲಿಲ್ಲ. ಗಂಡನ ಮುಖ ನೋಡಿ ಒಳಗೆ ಹೋಗಿ ಒಂದು ಹಳೇ ಪಂಚೆ ತಂದರು.

ಕಿರ್ದಿಗಳನ್ನು ಪಂಚೆಯಲ್ಲಿ ಸುತ್ತುತ್ತಾ ರಾಯರು ಹೇಳಿದರು: "ಅವನ ಮೊಮ್ಮಗ ಸಾಗರದಲ್ಲಿ ಆಟೋ ಇಟ್ಟಿದ್ದಾನೆ. ಹಬ್ಬಕ್ಕೆ ಊರಿಗೆ ಹೋದಾಗ ಮಾತಾಡಿಸ್ತಾನೆ. ಈ ಪುಟ ಅವನಿಗೆ ತೋರಿಸಬೇಕು. ಏನನ್ನುತ್ತಾನೋ ಅನ್ನಲಿ, ಕೇಳಿಸಿಕೊಳ್ತೀನಿ."

ನನ್ನ ಹೂವಿನ ಬುಟ್ಟಿಯಲ್ಲಿ ಬಿಸಿಲು ಬಿದ್ದು ದಾಸವಾಳ ಬಾಡಿತ್ತು. ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ, ಅಟ್ಟಕ್ಕೆ ಏಣಿ ಇಟ್ಟೆ.