ಯಜಮಾನರು ಬೆಳಗುವ ಪಾತ್ರೆ

ಮಂಗಳೂರಿನ ಗಂಡಸರು ಪಾತ್ರೆ ತೊಳೆಯುವುದಿಲ್ಲ ಎಂದು ದೂರುವವರು ಭಾನುವಾರ ಬೆಳಿಗ್ಗೆ ಬಿಜೈ, ಕದ್ರಿ ಕಡೆಯ ಯಾವುದಾದರೂ ದೊಡ್ಡ ಫ್ಲ್ಯಾಟಿನ ಅಡುಗೆಮನೆಗೆ ಇಣುಕಬೇಕು. ಹುಟ್ಟಿದಾರಭ್ಯ ತಾನು ಕುಡಿದ ಲೋಟವನ್ನು ಸಿಂಕಿನವರೆಗೂ ಒಯ್ಯದ ಯಜಮಾನರು ಅಲ್ಲಿ ಮೈಕ್ರೋಫೈಬರ್ ಬಟ್ಟೆ ಹಿಡಿದು, ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು ಎಸ್ಪ್ರೆಸೊ ಯಂತ್ರದ ಮೈ ಒರೆಸುತ್ತಿರುತ್ತಾರೆ. ಸ್ಟೀಲಿಗೂ ಗೆರೆ ಉಂಟಂತೆ, ಆ ಗೆರೆಯ ದಿಕ್ಕಿಗೇ ಒರೆಸಬೇಕಂತೆ, ಅಡ್ಡ ಒರೆಸಿದರೆ ಗೀರು ಬೀಳುತ್ತದಂತೆ. ಮದುವೆಯಾಗಿ ಕಾಲು ಶತಮಾನವಾದರೂ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ ಸ್ಟೀಲಿನ ಗೆರೆ ಗೊತ್ತು.

ಕೆಲಸಕ್ಕೆ ಬರುವಾಕೆ ಪಾಪ, ಸ್ಕ್ರಬ್ಬರ್ ಹಿಡಿದುಕೊಂಡೇ ಕೇಳುತ್ತಾಳೆ: "ಅಕ್ಕ, ಇದನ್ನೂ ತಿಕ್ಕುದಾ?"

"ಅಯ್ಯೋ ಬೇಡ ಮಾರಾಯ್ತಿ, ಮುಟ್ಬೇಡ. ಅದು ಅವರದ್ದು. ನೀನು ಕುಕ್ಕರ್ ತೊಳಿ, ಸಾಕು."

ಅಷ್ಟು ಹೊತ್ತಿಗೆ ಯಜಮಾನರ ಪ್ರವಚನ ಶುರುವಾಗಿರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಡಿಮೆಯೆಂದರೂ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿ ತಾಗಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಆ ಪೊರೆ ಇರುವವರೆಗೆ ತುಕ್ಕಿಲ್ಲ. ಕಬ್ಬಿಣದ ನಾರಿನಿಂದ ತಿಕ್ಕಿದರೆ ಪೊರೆಯೂ ಹೋಯಿತು, ನಾರಿನ ಚೂರು ಅಲ್ಲೇ ಕೂತು ತಾನು ತುಕ್ಕು ಹಿಡಿದು ಸ್ಟೀಲಿನ ಮರ್ಯಾದೆಯನ್ನೂ ಕಳೆಯಿತು. ಬ್ಲೀಚಿಂಗ್ ಪುಡಿಯಂತೂ ವಿಷ. ಬಿಂಬುಳಿ, ಹುಣಸೆಹುಳಿ ಏನಿದ್ದರೂ ದೇವರ ದೀಪಕ್ಕೆ. ಯಂತ್ರಕ್ಕೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಮೆದು ಬಟ್ಟೆ, ಕೊನೆಗೆ ಒಣಬಟ್ಟೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಅದೇ ಕಷ್ಟ. ಸುಳ್ಳಾಗಿದ್ದರೆ ಹೆಂಡತಿ ಬಾಯಿ ಮುಚ್ಚಿಸಬಹುದಿತ್ತು.

ಹೊರಗೆ ಕಡಲು ಉಂಟಲ್ಲ. ಉಪ್ಪುಗಾಳಿಗೆ ಕ್ರೋಮಿಯಂ ಪೊರೆಯೆಂದರೆ ಲಕ್ಷ್ಯವಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಜುಲೈ ತಿಂಗಳಿಗೆ ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು. ಯಂತ್ರದ ತಿರುಪುಮೊಳೆಯ ಸುತ್ತ ಕಂದು ಚುಕ್ಕೆ. ಯಜಮಾನರು ಮುಗಿಲು ನೋಡಿ ಶಪಿಸುತ್ತಾರೆ: "ಎಂಥ ಸಾವಿನ ಹವೆ ಮಾರಾಯ್ರೇ! ಇಟಲಿಯಲ್ಲಿ ಹೀಗೆಲ್ಲ ಇಲ್ಲ."

ಆ ಇಟಲಿಯವ ಇದೇ ಹವೆಗೆ ದುಡ್ಡು ಕೊಡುತ್ತಾನೆ ಸ್ವಾಮಿ! ಹಾಯಿಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿ ಬೀಜ ಆಫ್ರಿಕಾದ ತುದಿ ಬಳಸಿಕೊಂಡು ತಿಂಗಳುಗಟ್ಟಲೆ ಸಾಗುವಾಗ, ಹಡಗಿನ ಹೊಟ್ಟೆಯೊಳಗೆ ಒದ್ದೆಗಾಳಿ ಕುಡಿದು ಉಬ್ಬಿ ಹಳದಿಯಾಗುತ್ತಿತ್ತು. ಯುರೋಪಿನವರ ನಾಲಿಗೆ ಅದಕ್ಕೇ ಒಗ್ಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಹಬೆಹಡಗು ಓಡಾಡಿ, ಬೀಜ ಬೇಗ ತಲುಪತೊಡಗಿದ ಮೇಲೆ ಅವರಿಗೆ ಹಳೆಯ ರುಚಿಯೇ ಬೇಕೆನಿಸಿತು. ಹಾಗಾಗಿ ಇಂದಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಕಾಫಿ ಕ್ಯೂರಿಂಗ್ ಗೋದಾಮುಗಳಲ್ಲಿ ಬೀಜ ಹರಡಿ, ಕೈಯಾಡಿಸಿ, ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿ, ಸಾಲಿನ ನಡುವೆ ಗಾಳಿಯಾಡಲು ಜಾಗ ಬಿಟ್ಟು ಮಳೆಗಾಳಿ ಕುಡಿಸುತ್ತಾರೆ. ಹುಳಿ ಇಳಿದು ಬೀಜ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಮಾನ್ಸೂನ್ಡ್ ಮಲಬಾರ್ ಎಂದು ಅದರ ಹೆಸರು, ಭೌಗೋಳಿಕ ಸೂಚಕದ ಪಟ್ಟ ಬೇರೆ. ಎಸ್ಪ್ರೆಸೊ ಮಿಶ್ರಣಕ್ಕೆ ಮೈ ತುಂಬಿಸಲು ಹೊರದೇಶದವರು ಒಯ್ಯುವುದು ಇದನ್ನೇ. ನಮ್ಮ ಯಜಮಾನರು ಮಾತ್ರ ಆ ಗಾಳಿ ಒಳಗೆ ಬಾರದಂತೆ ಕಿಟಕಿ ಜಡಿದು, ಆನ್‌ಲೈನಿನಲ್ಲಿ ಇಟಲಿಯ ಪೊಟ್ಟಣ ತರಿಸುತ್ತಾರೆ. ಬಂದರಿನಿಂದ ಹೋದ ಬೀಜ ಹುರಿಸಿಕೊಂಡು ವಾಪಸು ಬಂದಿದ್ದರೂ ಗುರುತು ಹತ್ತಲಿಕ್ಕಿಲ್ಲ.

ಹಿತ್ತಾಳೆಯ ಕತೆ ಇನ್ನೂ ಚೆಂದ. ಅಜ್ಜಿಯ ಹಿತ್ತಾಳೆ ಕಾಫಿ ಫಿಲ್ಟರು "ಯಾರು ಬೆಳಗುದು ಅದನ್ನು" ಎಂಬ ಒಂದೇ ಮಾತಿಗೆ ಗುಜರಿಯವನ ತಕ್ಕಡಿ ಏರಿತು. ಈಗ ಲಕ್ಷದ ಲೆಕ್ಕದಲ್ಲಿ ಬಂದು ಕೂತ ಯಂತ್ರದ ಮೂತಿಯೂ ಹಿಡಿಯ ಬಟ್ಟಲೂ ಬಹುಪಾಲು ಹಿತ್ತಾಳೆಯೇ, ಮೇಲೊಂದು ಕ್ರೋಮ್ ಲೇಪ. ಫೇಮಾ ಕಂಪನಿ 1961ರಲ್ಲಿ ತಂದ ಇ61 ಎಂಬ ಪ್ರಸಿದ್ಧ ಮೂತಿಯೂ ಇದೇ ಕುಲದ್ದು. ಒರಟಾಗಿ ತಿಕ್ಕಿದರೆ ಲೇಪ ಎದ್ದು ಅಜ್ಜಿಯ ಲೋಹ ಹಲ್ಲು ಕಿರಿಯುತ್ತದೆ. ಗುಜರಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟದ್ದನ್ನು ಕಂತಿನಲ್ಲಿ ಕೊಂಡುಕೊಳ್ಳುವ ಈ ಅರ್ಥಶಾಸ್ತ್ರ ಬ್ಯಾಂಕುಗಳನ್ನೇ ಹುಟ್ಟಿಸಿದ ಜಿಲ್ಲೆಯಲ್ಲಿ ನಡೆಯುತ್ತಿದೆ ಎಂಬುದು ಗಮನಿಸತಕ್ಕದ್ದು.

ಸುಣ್ಣ ತೆಗೆಯುವ ದ್ರಾವಣವೂ ಕಪಾಟಿನಲ್ಲಿ ಸಾಲಾಗಿ ನಿಂತಿದೆ. ತುಂಬೆ ಅಣೆಕಟ್ಟಿನಿಂದ ನಲ್ಲಿಗೆ ಬರುವ ನೇತ್ರಾವತಿಯದ್ದು ಮೆದುನೀರು, ಬಯಲುಸೀಮೆಯ ಬೋರ್‌ವೆಲ್ಲಿನ ಹಾಗೆ ಪಾತ್ರೆಗೆ ಬಿಳಿ ಕಟ್ಟುವುದಿಲ್ಲ. ಕಟ್ಟಿದರೂ ಅಂಥ ಪೊಟ್ಟಣಗಳಲ್ಲಿ ಹೆಚ್ಚಾಗಿ ಇರುವುದು ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು. ಆದರೆ ಅದರ ಮೇಲೆ ಇಟಲಿ ಭಾಷೆ ಇಲ್ಲವಲ್ಲ.

ಇಷ್ಟೆಲ್ಲ ಬೆಳಗಿದ ಮೇಲೆ ಫೋಟೋ. ಯಂತ್ರದ ಎದೆಯಲ್ಲಿ ಯಜಮಾನರ ಮುಖ ಮೂಡಬೇಕು, ಫ್ಯಾಮಿಲಿ ಗ್ರೂಪಿನಲ್ಲಿ ಹೆಬ್ಬೆರಳುಗಳು ಏಳಬೇಕು. ದುಬೈಯ ಭಾವ ಹೃದಯದ ಚಿತ್ರ ಹಾಕುತ್ತಾನೆ.

ಫೋಟೋಕ್ಕೆ ಸಿಗದ್ದು ಹಬೆ ಕೊಳವೆಯ ತುದಿ. ಹಾಲು ನೊರೆ ಬರಿಸಿದ ಕೂಡಲೇ ಒದ್ದೆಬಟ್ಟೆಯಲ್ಲಿ ಒರೆಸಿ, ಒಮ್ಮೆ ಬುಸ್ಸೆಂದು ಹಬೆ ಬಿಟ್ಟರೆ ಆ ಕೆಲಸ ಮುಗಿಯಿತು. ಒರೆಸದೆ ಹಾಗೇ ಬಿಟ್ಟರೆ ಹಾಲು ಸುಟ್ಟು ಗಟ್ಟಿಯಾಗುತ್ತದೆ, ಕೊಳವೆಯೊಳಕ್ಕೂ ಏರುತ್ತದೆ. ಮೂತಿಯೊಳಗಿನ ಜಾಲರಿ ಬಿಚ್ಚಿ ನೋಡಿದರೆ ಹಳೆ ಕಾಫಿಯ ಎಣ್ಣೆ ಕಮಟು ಹಿಡಿದಿರುತ್ತದೆ. ಅದಕ್ಕೆ ತೂತಿಲ್ಲದ ಬಟ್ಟಲು ಹಾಕಿ, ಅದಕ್ಕೆಂದೇ ಸಿಗುವ ಪುಡಿಯಿಂದ ಹಿಮ್ಮುಖ ನೀರು ಹಾಯಿಸಬೇಕು, ರಬ್ಬರ್ ವಾಷರಿನ ಸುತ್ತ ಬ್ರಷ್ ಆಡಿಸಬೇಕು. ಅಡಿಯ ತಟ್ಟೆ ಎಳೆದರೆ ಬೂದುಬಣ್ಣದ ಶಿಲೀಂಧ್ರ ಸಂಸಾರ ಹೂಡಿದೆ. ಇದಾವುದೂ ಹೊಳೆಯುವುದಿಲ್ಲ, ಆದ್ದರಿಂದ ಯಜಮಾನರ ಇಲಾಖೆಗೆ ಬರುವುದಿಲ್ಲ. ಅದನ್ನು ಅವರು ಊಟಕ್ಕೆ ಕೂತ ಮೇಲೆ ಯಾರೋ ತೊಳೆದಿಡುತ್ತಾರೆ. ಯಾರೆಂದು ಅವರು ಕೇಳಿದವರಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಕಟ್ಟಿದವರಿಗೆ ಒಂಬತ್ತು ಬಾರ್ ಒತ್ತಡದ ಕಾಫಿ ಗೊತ್ತಿರಲಿಲ್ಲ, ಯಜಮಾನರು ಗೊತ್ತಿದ್ದರು.

ಆದ್ದರಿಂದ ಓದುಗರೇ, ಅಂಥ ಮನೆಗೆ ಹೋದಾಗ ಹೊಳಪು ಹೊಗಳಿ, ಖರ್ಚಿಲ್ಲ. ಕಪ್ಪು ಕೈಗೆ ಬರುವ ಮುಂಚೆ ಮಾತ್ರ ಹಬೆ ಕೊಳವೆಯ ತುದಿಯತ್ತ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ನಿನ್ನೆಯ ಹಾಲು ಕಂಡರೆ, ನಮಗೆ ಹಾಲಿಲ್ಲದ ಕಣ್ಣ ಚಾ ಸಾಕು ಎಂದುಬಿಡಿ.