ಪೀಜಿವಾಸಿನಿ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದನೆಂಬುದನ್ನೂ, ಆ ಎಂಟರಲ್ಲಿ ಪ್ರತಿಯೊಬ್ಬಳ ಅವಸ್ಥೆಗೂ ಪ್ರಿಯನೆಂಬವನೊಬ್ಬನು ಬಂದದ್ದು, ಬಾರದೆ ಹೋದದ್ದು, ತಡವಾಗಿ ಬಂದದ್ದು ಇಲ್ಲವೆ ಬೇರೆಲ್ಲಿಗೋ ಹೋಗಿ ಬಂದದ್ದೇ ಕಾರಣವೆಂಬುದನ್ನೂ ಓದಿ ತಿಳಿದ ಹಳೆಯ ಕಾಲದ ರಸಿಕನು, ಬೆಂಗಳೂರಿನ ಕೋರಮಂಗಲದಲ್ಲಿಯೋ ಇಂದಿರಾನಗರದಲ್ಲಿಯೋ ಶುಕ್ರವಾರ ಸಂಜೆ ಆರರಿಂದ ರಾತ್ರಿ ಒಂದರವರೆಗೆ ಕಣ್ಣು ತೆರೆದುಕೊಂಡು ಕುಳಿತನಾದರೆ, ಆ ಅವಸ್ಥೆಗಳಲ್ಲಿ ಬಹುಪಾಲನ್ನು ಏಳೇ ಗಂಟೆಗಳಲ್ಲಿ ದಾಟಿ, ಕೊನೆಗೆ ಯಾವ ಶಾಸ್ತ್ರದ ಕೈಗೂ ಸಿಕ್ಕದೆ ಹೊದ್ದು ಮಲಗಿಬಿಡುವ ನಾಯಿಕೆಯೊಬ್ಬಳನ್ನು ಕಂಡಾನು. ಅವಳೇ ಪೀಜಿವಾಸಿನಿ.

ತಿಪಟೂರು, ಶಿರಸಿ, ದಾವಣಗೆರೆ ಮೊದಲಾದ ಸದಾಚಾರಸಂಪನ್ನವಾದ ಊರುಗಳಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿಗೆಂದು ಊರು ಬಿಟ್ಟು, ಉದ್ಯೋಗಕ್ಕೆಂದು ಬೆಂಗಳೂರಿನಲ್ಲಿಯೇ ನಿಂತು, ಇಪ್ಪತ್ತಾರನೆಯ ವಯಸ್ಸಿನಲ್ಲಿ ಊರಿನವರ ಲೆಕ್ಕಕ್ಕೆ ‘ಇನ್ನೂ ಎಲ್ಲೂ ಗೊತ್ತಾಗದ’ ಹುಡುಗಿಯೂ ಆಫೀಸಿನ ಲೆಕ್ಕಕ್ಕೆ ಸೀನಿಯರ್ ಅನಲಿಸ್ಟಳೂ ಆಗಿರತಕ್ಕವಳು ಇವಳು. ಮೂವರು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚವೂ, ಮೂರು ಬಾಗಿಲಿನ ಬೀರುವಿನಲ್ಲಿ ಒಂದು ಬಾಗಿಲೂ ಇವಳ ಸಾಮ್ರಾಜ್ಯದ ಒಟ್ಟು ವಿಸ್ತೀರ್ಣ. ಆ ಬಾಗಿಲನ್ನು ತೆರೆದರೆ ಮೇಲಿನ ಹಲಗೆಯ ಮೇಲೆ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿ, ಕೊಬ್ಬರಿಮಿಠಾಯಿ, ಮತ್ತು ‘ಯಾರಾದರೂ ಇದ್ದಕ್ಕಿದ್ದ ಹಾಗೆ ನೋಡೋಕೆ ಬಂದರೆ ಇರಲಿ’ ಎಂದು ಮಡಿಸಿಟ್ಟ ಮೈಸೂರು ಸಿಲ್ಕ್ ಸೀರೆ. ಕೆಳಗಿನ ಹಲಗೆಯ ಮೇಲೆ, ಕಪ್ಪು ಬಟ್ಟೆ ಶುಭವಲ್ಲವೆಂದು ನಂಬಿದ ಅದೇ ಅಮ್ಮ ಈ ಜನ್ಮದಲ್ಲಿ ಕಾಣಲಾರದ, ಒಂದಕ್ಕಿಂತ ಒಂದು ಮೊಟಕಾದ, ಐದಾರು ಕಪ್ಪು ಉಡುಪುಗಳು. ಎರಡು ಹಲಗೆಗಳನ್ನೂ ಅವಳು ಸಮನಾದ ಅಕ್ಕರೆಯಿಂದ ಒರೆಸಿ ಇಡುತ್ತಾಳೆಂಬುದನ್ನು ಅವಳ ಟೀಕಾಕಾರರು ಗಮನಿಸಿದಂತೆ ತೋರುವುದಿಲ್ಲ.

ಸಂಜೆ ಆರಕ್ಕೆ ಇವಳು ವಾಸಕಸಜ್ಜಿಕೆ. ಶಾಸ್ತ್ರೋಕ್ತ ವಾಸಕಸಜ್ಜಿಕೆಯು ಮನೆಯನ್ನೂ ತನ್ನನ್ನೂ ಅಲಂಕರಿಸಿಕೊಂಡು ಪ್ರಿಯನಿಗಾಗಿ ಕಾದಿರುವಳಷ್ಟೆ. ಪೀಜಿಯಲ್ಲಿ ಅಲಂಕರಿಸಲು ಮನೆಯಿಲ್ಲ, ಇರುವ ಒಂದು ಕನ್ನಡಿಗೆ ಮೂರು ಮುಖಗಳು, ಒಂದು ಗೀಸರಿಗೆ ಮೂರು ಸ್ನಾನಗಳು, ಒಂದು ಪ್ಲಗ್ಗಿಗೆ ಕೂದಲು ನೆಟ್ಟಗೆ ಮಾಡುವ ಯಂತ್ರವೂ ಮೊಬೈಲು ಚಾರ್ಜರೂ ಇಸ್ತ್ರಿಪೆಟ್ಟಿಗೆಯೂ ಸರದಿಯಲ್ಲಿ. ಎಡಗಣ್ಣಿನ ಐಲೈನರು ಒಂದೇ ಎಳೆತಕ್ಕೆ ಸರಿಯಾಗಿ ಬಿದ್ದು, ಬಲಗಣ್ಣಿನದು ಅದಕ್ಕೆ ಸಮನಾಗಲೊಲ್ಲದೆ, ಇದನ್ನು ಅದಕ್ಕೆ ಸರಿದೂಗಿಸಲು ಕೊಂಚ, ಅದನ್ನು ಇದಕ್ಕೆ ಸರಿದೂಗಿಸಲು ಇನ್ನೂ ಕೊಂಚ ಎಂದು ಏರಿಸುತ್ತ ಹೋಗಿ, ಅಂತಿಮವಾಗಿ ಎರಡನ್ನೂ ಒರೆಸಿ ಮೊದಲಿನಿಂದ ಆರಂಭಿಸುವ ಆ ತಾಳ್ಮೆಯನ್ನು ಕಂಡವರು ತಪಸ್ಸೆಂಬುದು ಕಲಿಯುಗದಲ್ಲಿ ನಶಿಸಿತೆಂದು ಹೇಳಲಾರರು. ಉಡುಪಿನ ವಿಚಾರಕ್ಕೆ ಕೊಠಡಿಯ ಗೆಳತಿಯರಿಬ್ಬರೂ ನ್ಯಾಯಪೀಠವಾಗಿ ಮಂಚದ ಮೇಲೆ ಆಸೀನರಾಗುತ್ತಾರೆ. “ಇದು ಬೇಡ ಕಣೇ, ಇಂಟರ್ವ್ಯೂಗೆ ಹೊರಟ ಹಾಗಿದೆ” ಎಂದು ಒಂದನ್ನೂ, “ಇದನ್ನ ಹೋದ ಸಲವೇ ಸ್ಟೋರಿಗೆ ಹಾಕಿದೀಯ” ಎಂದು ಇನ್ನೊಂದನ್ನೂ ತಳ್ಳಿಹಾಕಿದ ತರುವಾಯ, 2007ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿ, ಹೆಸರು ಚಿತ್ರ ಅಚ್ಚುಹಾಕಿದ ಉಡುಗೊರೆಗಳನ್ನು ಮಾರುತ್ತಿದ್ದು, ಮುಂದೆ ದೇಶಕ್ಕೆಲ್ಲ ಬಟ್ಟೆ ತೊಡಿಸಹೊರಟ ಮಿಂತ್ರಾದಿಂದ ನಿನ್ನೆ ಬಂದ ಹೊಸದೊಂದು ಅಂಗೀಕಾರವಾಗುತ್ತದೆ. ಅದರ ಬೆಲೆಯ ಚೀಟಿಯನ್ನು ಕತ್ತರಿಸದೆ, ಬೆನ್ನಿನೊಳಗೆ ಸೇಫ್ಟಿಪಿನ್ನಿನಿಂದ ಮರೆಸಿಕೊಳ್ಳುವುದೇ ಸೋಮವಾರದ ಅರ್ಥಶಾಸ್ತ್ರಕ್ಕೆ ಹಿತವೋ ಎಂಬ ಬಗ್ಗೆ ಮಾತ್ರ ಪೀಠದಲ್ಲಿ ಭಿನ್ನಾಭಿಪ್ರಾಯವುಂಟು.

ಎಂಟೂವರೆಗೆ ಸರಿಯಾಗಿ ಊರಿನಿಂದ ಫೋನು.

“ಊಟ ಆಯ್ತೇನೆ ಪುಟ್ಟಿ?”

“ಹ್ಞೂಂ ಅಮ್ಮ, ಈಗ ತಾನೇ.”

“ಏನು ಮಾಡಿದ್ರು?”

“ಅದೇ ಅಮ್ಮ, ಅನ್ನ, ತಿಳಿಸಾರು.”

“ಅದೇನೇ ಹಿಂದೆ ಅಷ್ಟು ಗಲಾಟೆ?”

“ಪಕ್ಕದ ರೂಮಿನೋರು ಹಾಡು ಹಾಕಿದಾರಮ್ಮ. ಇಡ್ಲಾ? ನಿದ್ದೆ ಬರ್ತಿದೆ.”

ಇದರಲ್ಲಿ ತಿಳಿಸಾರೊಂದೇ ಸತ್ಯ. ಪೀಜಿಯಲ್ಲಿ ಅಂದು ಮಾಡಿದ್ದು ಅದನ್ನೇ. ತಾಯಿಯೂ ಪೂರ್ತಿ ನಂಬಿದವಳಲ್ಲ. ಆದರೆ ತಾನು ಕೇಳಿದ್ದೂ ಮಗಳು ಉತ್ತರಿಸಿದ್ದೂ ಕ್ರಮಪ್ರಕಾರ ನಡೆದುಹೋದದ್ದರಿಂದ ಇಬ್ಬರಿಗೂ ಮನಸ್ಸು ಹಗುರವಾಗುತ್ತದೆ.

ಇನ್ನು ಪ್ರಿಯನ ಪ್ರಸ್ತಾಪ. ಪೂರ್ವದಲ್ಲಿ ಸ್ವಯಂವರಕ್ಕೆ ರಾಜಕುಮಾರರು ಖುದ್ದಾಗಿ ಬರುತ್ತಿದ್ದರು. ಈಗ ಅವರ ಭಾವಚಿತ್ರಗಳು ಬರುತ್ತವೆ. ಲಡಾಖಿನಲ್ಲಿ ಬುಲೆಟ್ಟಿಗೆ ಒರಗಿ ನಿಂತವನೊಬ್ಬ, ಪರರ ನಾಯಿಮರಿಯನ್ನು ಎತ್ತಿಕೊಂಡವನೊಬ್ಬ, ಒಂದೇ ಎತ್ತರದ, ಒಂದೇ ಗಡ್ಡದ ಐವರು ಮಿತ್ರರ ನಡುವೆ ಕಾಣಿಸಿಕೊಂಡವನೊಬ್ಬ. ಈ ಕೊನೆಯವನನ್ನು ಗುರುತಿಸಬೇಕಾದಾಗಲಂತೂ ದಮಯಂತಿಯ ಸಂಕಟವೇ ಪೀಜಿವಾಸಿನಿಯದೂ ಆಗುತ್ತದೆ. ನಳನ ರೂಪ ತಾಳಿದ ದೇವತೆಗಳನ್ನು ಅವರ ರೆಪ್ಪೆ ಬಡಿಯದಿದ್ದುದರಿಂದಲೂ ಪಾದ ನೆಲಕ್ಕೆ ತಾಗದಿದ್ದುದರಿಂದಲೂ ದಮಯಂತಿಯು ಕಂಡುಹಿಡಿದಳು. ಇವಳಿಗೆ ಅಂಥ ಆಧಾರವೊಂದೂ ಇಲ್ಲ, ಸಾಮಾನ್ಯವಾಗಿ ಐವರಲ್ಲಿ ತನಗೆ ಒಪ್ಪಿಗೆಯಾಗದವನೇ ಅವನೆಂದು ಅನುಭವದಿಂದ ಊಹಿಸುತ್ತಾಳೆ. 2014ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ಬಂಬಲ್ ಎಂಬ ಸ್ವಯಂವರಮಂಟಪದಲ್ಲಿ ಮೊದಲ ಮಾತನ್ನು ಹೆಣ್ಣೇ ಆಡತಕ್ಕದ್ದೆಂದೂ, ಜೋಡಿಯಾದ 24 ಗಂಟೆಗಳೊಳಗಾಗಿ ಆಡದಿದ್ದರೆ ಜೋಡಿಯು ಅಳಿಸಿಹೋಗುವುದೆಂದೂ ಮೊದಲಿಗೆ ನಿಯಮ ಮಾಡಿದರು. ಮಾತಾಡಿದರೆ ಬಜಾರಿಯೆಂದು ಊರಿನಲ್ಲಿ ಹೆಸರು, ಮಾತಾಡದಿದ್ದರೆ ಇಲ್ಲಿ ಹುಡುಗನೇ ಮಾಯ. ಹೀಗಿರಲಾಗಿ ಪೀಜಿವಾಸಿನಿಯು ಇಪ್ಪತ್ತಮೂರನೆಯ ಗಂಟೆಯಲ್ಲಿ ‘ಹಾಯ್’ ಎಂಬ ಒಂದು ಪದವನ್ನು, ಮೂವರು ಗೆಳತಿಯರ ಸಮ್ಮುಖದಲ್ಲಿ ತಿದ್ದಿ ತೀಡಿ, ಕಳುಹಿಸುತ್ತಾಳೆ.

ಆ ಬಳಿಕ ಅಭಿಸಾರ. ಕಾವ್ಯದ ಅಭಿಸಾರಿಕೆಗೆ ಕತ್ತಲೆ, ಮಳೆ, ಹಾವು, ಇಷ್ಟೇ ವಿಘ್ನಗಳು. ಅವಳಿಗೆ ಆಟೋದವನೊಡನೆ ಮಾತಾಡಬೇಕಾಗಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಪ್ರಕಾರ ಆಧಾರ್ ಕಾರ್ಡು ತೋರಿಸಿ ಶೂನ್ಯದರದ ಚೀಟಿ ಪಡೆದು ಬೆಳಗ್ಗೆ ಸರ್ಕಾರಿ ಬಸ್ಸಿನಲ್ಲಿ ಆಫೀಸಿಗೆ ಹೋಗಿಬರುವ ಈ ಮಿತವ್ಯಯಿಯು, ಅಲ್ಲಿ ಉಳಿದದ್ದನ್ನೆಲ್ಲ ರಾತ್ರಿ ಎತ್ತರದ ಹಿಮ್ಮಡಿಯ ಚಪ್ಪಲಿಯ ದೆಸೆಯಿಂದ ‘ಮೀಟರ್ ಮೇಲೆ ಐವತ್ತು’ ಎಂಬ ಮಹಾಯಜ್ಞಕ್ಕೆ ಸಮರ್ಪಿಸುತ್ತಾಳೆ. ಹೊರಡುವ ಮೊದಲು ತಾನಿರುವ ಜಾಗ ಕ್ಷಣಕ್ಷಣಕ್ಕೂ ಇಬ್ಬರು ಗೆಳತಿಯರಿಗೆ ಕಾಣುವಂತೆ ಲೊಕೇಶನ್ನನ್ನೂ, ಆಟೋದ ನಂಬರಿನ ಚಿತ್ರವನ್ನೂ, ಹುಡುಗನ ಲಿಂಕ್ಡ್‌ಇನ್ ಪುಟವನ್ನೂ ಕಳುಹಿಸಿಯೇ ಕಾಲು ಹೊರಗಿಡತಕ್ಕದ್ದು. ಸ್ವೇಚ್ಛಾಚಾರಕ್ಕೆ ಇಷ್ಟೊಂದು ದಾಖಲೆಪತ್ರಗಳು ಬೇಕೆಂದು ಯಾವ ಸ್ಮೃತಿಕಾರನೂ ಹೇಳಿದಂತಿಲ್ಲ.

ಚರ್ಚ್ ಸ್ಟ್ರೀಟಿನ ಕಾಫಿ ಅಂಗಡಿಯಲ್ಲಿ ಅವಳು ವಿರಹೋತ್ಕಂಠಿತೆ. ನಾಯಕನು ‘ಐದೇ ನಿಮಿಷ’ ಎಂದು ಸಿಲ್ಕ್ ಬೋರ್ಡಿನಿಂದ ಸಂದೇಶ ಕಳುಹಿಸಿ ಮುಕ್ಕಾಲು ಗಂಟೆಯಾಗಿರುತ್ತದೆ. ಬಂದವನು ಎರಡು ಸಿನಿಮಾ, ಒಂದು ಚಾರಣ, ತನ್ನ ಸ್ಟಾರ್ಟಪ್ಪಿನ ಕನಸು ಇವುಗಳನ್ನು ನಿವೇದಿಸಿಕೊಂಡಾದ ಮೇಲೆ, ಸ್ವಲ್ಪ ತಡೆದು, ಮೆನು ಕಾರ್ಡಿನ ಮರೆಯಿಂದ, “ನಿಮ್ಮ ಮನೇಲಿ ಮೊಟ್ಟೆ ತಿಂತಾರಾ?” ಎಂದು ಕೇಳುತ್ತಾನೆ. ಕೇಳಿದ್ದು ಮೊಟ್ಟೆಯನ್ನಾದರೂ ಅವನಿಗೆ ಬೇಕಾದದ್ದು ಜಾತಿಯೆಂಬುದನ್ನು ತಿಳಿಯದಷ್ಟು ಮುಗ್ಧೆಯಲ್ಲದ ಇವಳು, “ನಾನು ತಿಂತೀನಿ, ಮನೇಲಿ ಇನ್ನೂ ಕೇಳಿಲ್ಲ” ಎಂದು ಹೇಳಿ, ತನ್ನ ಪಾಲಿನ ಇನ್ನೂರ ಎಂಬತ್ತು ರೂಪಾಯಿಗಳನ್ನು ಫೋನಿನಲ್ಲಿಯೇ ಪಾವತಿ ಮಾಡಿ ಎದ್ದು ಬರುತ್ತಾಳೆ.

ಉಳಿದ ಅವಸ್ಥೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರಿಯನು ಬಾರದೆ ವಂಚಿಸಿದಾಗ ವಿಪ್ರಲಬ್ಧೆಯು ಆಭರಣಗಳನ್ನು ಕಿತ್ತೆಸೆಯುತ್ತಾಳಂತೆ. ಪೀಜಿವಾಸಿನಿಯು ಕಷ್ಟಪಟ್ಟು ಮಾಡಿಕೊಂಡ ಅಲಂಕಾರ ವ್ಯರ್ಥವಾಗಬಾರದೆಂದು ಮೊದಲು ನಾಲ್ಕು ಫೋಟೋ ತೆಗೆಸಿಕೊಂಡು ಆಮೇಲೆ ದುಃಖಿಸುತ್ತಾಳೆ. ತನಗೆ ಗುಡ್‌ನೈಟ್ ಹೇಳಿದವನ ಹೆಸರಿನ ಪಕ್ಕ ನಡುರಾತ್ರಿಯಲ್ಲಿ ಹಸಿರು ಚುಕ್ಕೆ ಹೊಳೆಯುವುದನ್ನು ಕಂಡಾಗ ಖಂಡಿತೆ. ಬ್ಲಾಕ್ ಮಾಡಿ, ಮರುಗಿ, ಬೆಳಗಾಗುವುದರೊಳಗೆ ತೆರವು ಮಾಡಿದಾಗ ಕಲಹಾಂತರಿತೆ. ಕಂಪನಿಯು ಅವನನ್ನು ಸಿಯಾಟಲ್ಲಿಗೆ ಆನ್‌ಸೈಟ್ ಕಳುಹಿಸಿದಾಗ ಪ್ರೋಷಿತಭರ್ತೃಕೆ. ಸ್ವಾಧೀನಭರ್ತೃಕೆಯೊಬ್ಬಳು ಮಾತ್ರ ಈ ವರ್ಗದಲ್ಲಿ ದುರ್ಲಭ; ಆ ಪದವಿಯು ಪೀಜಿಯ ಓನರ್ ಆಂಟಿಗೆ ಮೀಸಲು. ಆಕೆಯ ಗಂಡ ಪ್ರತಿ ರಾತ್ರಿ ಹತ್ತೂವರೆಗೆ, ಆಕೆಯ ಕಣ್ಸನ್ನೆಯ ಮೇರೆಗೆ, ಗೇಟಿಗೆ ಬೀಗ ಹಾಕುತ್ತಾನೆ. ಹತ್ತೂವರೆಯ ಮೇಲೆ ಬರುವವರು ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯತಕ್ಕದ್ದಾದ್ದರಿಂದ, ಆ ಪುಸ್ತಕವನ್ನು ತಿರುವಿದರೆ ಅಲ್ಲಿನ ಸಮಸ್ತ ಕನ್ಯೆಯರಿಗೂ, ಮನೆಗೆ ಹಿರಿಮಗಳಾದವಳಿಗೂ ಸಹ, ಮಾರತಹಳ್ಳಿಯಲ್ಲಿ ಒಬ್ಬೊಬ್ಬ ಅಕ್ಕ ಇರುವುದು ಗೊತ್ತಾಗುತ್ತದೆ.

ಹೀಗೆ ಗೇಟು ಹತ್ತೂವರೆಗೆ, ಮೆಟ್ರೋ ಹನ್ನೊಂದರ ಸುಮಾರಿಗೆ, ಹಿಂದೆ ಹನ್ನೊಂದೂವರೆಗೇ ದೀಪವಾರಿಸುತ್ತಿದ್ದು ಈಗ ಒಂದು ಗಂಟೆಯವರೆಗೆ ಬಾಗಿಲು ತೆರೆದಿರುವ ಪಬ್ಬು, ಎಂಟೂವರೆಗೆ ಅಮ್ಮ, 24 ಗಂಟೆಗೆ ಬಂಬಲ್, ಇಷ್ಟೂ ಗಡಿಯಾರಗಳನ್ನು ಒಂದೇ ಮಣಿಕಟ್ಟಿನಲ್ಲಿ ಕಟ್ಟಿಕೊಂಡು ಓಡಾಡುವವಳನ್ನು ಲೋಕವು ಲಂಗುಲಗಾಮಿಲ್ಲದವಳೆಂದು ಕರೆಯುತ್ತದೆ. ಕುಣಿತಕ್ಕಾದರೂ ಸ್ವಾತಂತ್ರ್ಯವುಂಟೋ ಎಂದರೆ, ಲೈವ್ ಬ್ಯಾಂಡು, ಡಿಸ್ಕೋಥೆಕ್ಕುಗಳಿಗೆ ಪ್ರತ್ಯೇಕ ಪರವಾನಗಿ ಬೇಕೆಂಬ ಬೆಂಗಳೂರಿನ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದಿದೆ. ಇವಳ ಹೆಜ್ಜೆಗಳ ಹಿಂದೆ ಅಷ್ಟು ಘನವಾದ ನ್ಯಾಯನಿರ್ಣಯವಿದೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದ ಸಂಸ್ಕೃತಿರಕ್ಷಕರಿಗೆ ದೇಶದ ಸ್ತ್ರೀಯರು ಪ್ರೇಮಿಗಳ ದಿನದ ಕಾಣಿಕೆಯಾಗಿ ಗುಲಾಬಿ ವರ್ಣದ ಚಡ್ಡಿಗಳನ್ನು ಅಂಚೆಯ ಮೂಲಕ ರವಾನಿಸಿದ್ದು ಪೀಜಿವಾಸಿನಿಯ ಪೂರ್ವಿಕರ ಸಾಹಸಗಳಲ್ಲೊಂದು. ಸಿಟ್ಟನ್ನು ಇಷ್ಟು ಮಿತವ್ಯಯದಲ್ಲಿ, ಸ್ಟಾಂಪು ಹಚ್ಚಿ, ತಲುಪಿಸಿದ ಉದಾಹರಣೆ ನಮ್ಮ ಇತಿಹಾಸದಲ್ಲಿ ವಿರಳ.

ಪೀಜಿಯ ಎದುರು ಮನೆಯ ನಿವೃತ್ತ ಅಂಕಲ್ಲಿಗೆ ಮಾತ್ರ ಸಮಾಧಾನವಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ಹೆಂಗಸರನ್ನು ರಾತ್ರಿ ದುಡಿಸಕೂಡದೆಂದು ವಿಧಿಸಿತ್ತು. ಅಮೆರಿಕೆಗೆ ಹಗಲಾಗುವುದು ನಮ್ಮ ರಾತ್ರಿಯಲ್ಲೆಂದು ತಿಳಿದ ಮೇಲೆ ಸಾಫ್ಟ್‌ವೇರ್ ಮತ್ತು ಕಾಲ್‌ಸೆಂಟರ್ ಕಂಪನಿಗಳಿಗೆ ವಿನಾಯಿತಿ ದೊರೆಯಿತು. ಅಂದಿನಿಂದ ಅದೇ ಬೀದಿಗೆ, ಅದೇ ಹುಡುಗಿ, ಆಫೀಸಿನ ಕ್ಯಾಬಿನಲ್ಲಿ ರಾತ್ರಿ ಮೂರಕ್ಕೆ ಬಂದಿಳಿದರೆ ಅಂಕಲ್ ಕಿಟಕಿಯಿಂದ “ಪಾಪ, ಎಷ್ಟು ಕಷ್ಟಪಡುತ್ತೆ ಮಗು” ಎನ್ನುತ್ತಾರೆ. ಶುಕ್ರವಾರ ಆಟೋದಲ್ಲಿ ಒಂದಕ್ಕೆ ಬಂದಿಳಿದರೆ “ಹೆತ್ತವರು ಏನು ಕಲಿಸಿದಾರೋ” ಎನ್ನುತ್ತಾರೆ. ಬೀದಿಯೂ ಅದೇ, ಬೊಗಳುವ ನಾಯಿಯೂ ಅದೇ. ಕಂಪನಿಯ ಲಾಭಕ್ಕೆ ಕಳೆದ ರಾತ್ರಿಯು ಶೀಲವೆನಿಸಿ, ತನ್ನ ಸಂತೋಷಕ್ಕೆ ಕಳೆದ, ಅದಕ್ಕಿಂತ ಎರಡು ಗಂಟೆ ಗಿಡ್ಡವಾದ ರಾತ್ರಿಯು ದುಶ್ಶೀಲವೆನಿಸುವ ಈ ನೀತಿಶಾಸ್ತ್ರದ ಮರ್ಮವನ್ನು ಅಂಕಲ್ ಇನ್ನೂ ವಿವರಿಸಿಲ್ಲ.

ಪೀಜಿವಾಸಿನಿಯು ಆದರ್ಶ ಸ್ತ್ರೀಯೆಂದು ನನ್ನ ವಾದವಲ್ಲ. ಅವಳು ಅಮ್ಮನಿಗೆ ಸುಳ್ಳು ಹೇಳುತ್ತಾಳೆ, ಚಪ್ಪಲಿಗೆ ದುಂದು ಮಾಡುತ್ತಾಳೆ, ಭಾನುವಾರ ಹನ್ನೆರಡಕ್ಕೆ ಎದ್ದು ತಲೆನೋವೆಂದು ನರಳುತ್ತಾಳೆ. ಆದರೆ ತಿಂಗಳ ಮೊದಲ ವಾರದಲ್ಲಿ ತಮ್ಮನ ಫೀಜು, ಅಪ್ಪನ ಮನೆಸಾಲದ ಕಂತು, ಮುಂಗಡವಾಗಿ ಪೀಜಿಯ ಬಾಡಿಗೆ, ಇಷ್ಟೂ ಅವಳ ಖಾತೆಯಿಂದಲೇ ಹೋಗುತ್ತವೆ. ಶುಕ್ರವಾರದ ಸೊಗಸು ಅದರಲ್ಲಿ ಉಳಿದ ಚಿಲ್ಲರೆಯದು. ಆದಕಾರಣ ಅವಳ ನಡತೆಯ ವಿಷಯದಲ್ಲಿ ತೀರ್ಪು ಕೊಡಬಯಸುವ ಮಹನೀಯರು ಮೊದಲು ಆ ಬಾಡಿಗೆಯಲ್ಲಿ ತಮ್ಮ ಪಾಲನ್ನು ಸಲ್ಲಿಸಿ, ರಸೀದಿ ಪಡೆದು, ಅನಂತರ ಬಾಯಿ ತೆರೆಯತಕ್ಕದ್ದು.